ಹುಮನಾಬಾದಿಗೆ ದಿಲ್ಲಿಯ ಮೂಲಕ ದಾರಿ

ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರ ನನ್ನ ಹುಟ್ಟೂರು. ಕಳೆದ ಸಲ ಅಲ್ಲಿಗೆ ಹೋಗಿದ್ದಾಗ, ಪುಣೆಯಲ್ಲಿ ನೌಕರಿ ಮಾಡುವ ಬಂಧುವೊಬ್ಬರ ಮಗ ಸುಪ್ರೀಂ ಕೋರ್ಟಿನ ನೋಟಿಸು ಹಿಡಿದು ಬಂದ. ಅವನು ಪುಣೆಯಲ್ಲಿ ವಿಚ್ಛೇದನದ ದಾವೆ ಹೂಡಿದ್ದಾನೆ. ಪತ್ನಿ ನಾಲ್ಕು ವರ್ಷದ ಮಗುವಿನೊಂದಿಗೆ ಹುಮನಾಬಾದಿನ ತವರಿನಲ್ಲಿದ್ದಾಳೆ. ದಾವೆಯನ್ನು ಅಲ್ಲಿಗೇ ವರ್ಗಾಯಿಸಬೇಕೆಂಬುದು ಅವಳ ಕೋರಿಕೆ. ‘ಏನು ಉತ್ತರ ಕೊಡಲಿ ಕಾಕಾ?’ ಎಂದ. ವಕೀಲರು ಸಿದ್ಧಪಡಿಸಿದ್ದ ಕರಡಿನಲ್ಲಿ ಉತ್ತರ ಆಗಲೇ ಇತ್ತು: ಪ್ರತಿ ವಾಯಿದೆಗೂ ಪ್ರಯಾಣದ ಖರ್ಚು ಭರಿಸಲು ಪತಿ ಸಿದ್ಧ, ಆದ್ದರಿಂದ ಅರ್ಜಿ ವಜಾ ಆಗಬೇಕು.

ಅರ್ಥಶಾಸ್ತ್ರ ಓದಿದವನಿಗೆ ಈ ಲೆಕ್ಕ ಒಪ್ಪಿಗೆಯಾಗದು. ವೆಚ್ಚವೆಂದರೆ ಟಿಕೆಟ್ಟಿನ ದರವಷ್ಟೇ ಅಲ್ಲ. ಜೊತೆಗೆ ಹೊರಡುವ ವೃದ್ಧ ತಂದೆಯ ಎರಡು ದಿನ, ರಾತ್ರಿಯಿಡೀ ಬಸ್ಸಿನಲ್ಲಿ ಮಗು, ಕೊನೆಗೆ ‘ನ್ಯಾಯಾಧೀಶರು ರಜೆಯಲ್ಲಿದ್ದಾರೆ’ ಎಂಬ ಮಾತು ಕೇಳಿ ಮರಳುವುದು, ಇವೆಲ್ಲ ಯಾರ ಖಾತೆಗೆ? ಇನ್ನು ಇವನೋ, ಹಬ್ಬಹಬ್ಬಕ್ಕೂ ಊರಿಗೆ ಬರುವವನು.

ಪತಿಯ ತಕರಾರು ಯಾವಾಗಲೂ ಹಟವೇ ಎನ್ನಲಾಗದು. 2025ರಲ್ಲಿ ನಮ್ಮ ಹೈಕೋರ್ಟು, ನರಸಿಂಹರಾಜಪುರದಿಂದ ಹೊಸನಗರಕ್ಕೆ ದಾವೆ ವರ್ಗಾಯಿಸಬೇಕೆಂಬ ಪತ್ನಿಯ ಅರ್ಜಿಯನ್ನು ತಿರಸ್ಕರಿಸಿತು. ಅಲ್ಲಿ ಇಬ್ಬರು ಮಕ್ಕಳ ಪಾಲನೆ ತಂದೆಯ ಮೇಲಿತ್ತು. ಪತ್ನಿಯ ಅನುಕೂಲಕ್ಕೆ ಸಾಮಾನ್ಯವಾಗಿ ಆದ್ಯತೆ ಇರಬೇಕೆಂದು 2022ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟೇ, ಈ ಔದಾರ್ಯ ದುರುಪಯೋಗವಾಗುತ್ತಿದೆ ಎಂದು 2006ರಲ್ಲಿ ಎಚ್ಚರಿಸಿತ್ತು. ಆದರೆ ಈ ಯುವಕನ ಬಳಿ ಅಂಥ ಕಾರಣವೇನೂ ಇರಲಿಲ್ಲ.

ಅವನಿಗೆ ತಿಳಿಯದಿದ್ದ ಸಂಗತಿಯೊಂದಿತ್ತು. ಹಿಂದೂ ವಿವಾಹ ಕಾಯ್ದೆಯ 19ನೇ ಕಲಮಿನಂತೆ ಪ್ರತಿವಾದಿ ವಾಸಿಸುವ ಊರಿನಲ್ಲೂ ದಾವೆ ಹೂಡಬಹುದು. ನ್ಯಾಯಾಲಯದ ಅನುಮತಿ ಪಡೆದು ಪುಣೆಯ ದಾವೆಯನ್ನು ಹಿಂಪಡೆದು, ಹುಮನಾಬಾದಿನಲ್ಲಿ ಹೊಸದಾಗಿ ಹೂಡಲು ಅಡ್ಡಿಯಿಲ್ಲ. ಇಲ್ಲವೇ ದಿಲ್ಲಿಯಲ್ಲಿ ‘ನನ್ನ ಆಕ್ಷೇಪವಿಲ್ಲ’ ಎಂದರಾಯಿತು.

ಅವಳ ಮುಂದೆ ಇಷ್ಟು ದಾರಿಗಳಿಲ್ಲ. 2003ರ ತಿದ್ದುಪಡಿಯಿಂದ ಪತ್ನಿ ತಾನಿರುವಲ್ಲೇ ದಾವೆ ಹೂಡಬಹುದು, ನಿಜ. ಆದರೆ ಗಂಡ ಮೊದಲೇ ವಿಚ್ಛೇದನ ಕೋರಿದ್ದರೆ, ಅವಳು ಆಮೇಲೆ ಹೂಡುವ ವಿಚ್ಛೇದನ ದಾವೆ 21ಎ ಕಲಮಿನಡಿ ಅವನು ಆರಿಸಿದ ನ್ಯಾಯಾಲಯಕ್ಕೇ ಹೋಗಬೇಕು. ಇಬ್ಬರಲ್ಲಿ ಮೊದಲು ಓಡಿದವರಿಗೆ ಊರಿನ ಆಯ್ಕೆ! ವಿಡಿಯೊ ಮೂಲಕ ವಿಚಾರಣೆ ಸಾಕೆಂದು 2017ರ ಮಾರ್ಚಿನಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು, ಅದೇ ಅಕ್ಟೋಬರಿನಲ್ಲಿ ಮೂವರ ಪೀಠದ ಬಹುಮತದಿಂದ ಆ ಮಾತನ್ನು ಬದಲಿಸಿತು: ಸಂಧಾನ ವಿಫಲವಾದ ಮೇಲೆ, ಇಬ್ಬರೂ ಒಪ್ಪಿದರೆ ಮಾತ್ರ ವಿಡಿಯೊ.

ಬೀದರಿನಂಥ ಗಡಿ ಜಿಲ್ಲೆಗೆ ಇದರ ಬಿಸಿ ಹೆಚ್ಚು. ಉದಗೀರ, ನಿಲಂಗಾ, ಜಹೀರಾಬಾದ್ 1956ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದವು. ಹೆಣ್ಣು ಕೊಟ್ಟು ತರುವುದು ಇಂದಿಗೂ ನಿಂತಿಲ್ಲ. ಅಂದು ಜಿಲ್ಲಾ ನ್ಯಾಯಾಲಯದಲ್ಲೇ ಮುಗಿಯಬಹುದಾಗಿದ್ದ ವರ್ಗಾವಣೆಗೆ ಇಂದು ದಿಲ್ಲಿಯೇ ಗತಿ. ಮೊಕದ್ದಮೆಯನ್ನು ರಾಜ್ಯದಾಚೆ ಕಳುಹಿಸುವ ಅಧಿಕಾರ ಹೈಕೋರ್ಟಿಗಿಲ್ಲ ಎಂದು 2008ರಲ್ಲಿ ಇತ್ಯರ್ಥವಾಯಿತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥ ವೈವಾಹಿಕ ವರ್ಗಾವಣೆ ಅರ್ಜಿಗಳು ಸುಮಾರು 3,000 ಬಾಕಿ ಇದ್ದವು. ಪ್ರತಿ ಪೀಠವೂ ದಿನಕ್ಕೆ ಹತ್ತನ್ನು ಆಲಿಸಲಿದೆ ಎಂದು ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಹೇಳಬೇಕಾಯಿತು. ದೇಶದ ಅತ್ಯುನ್ನತ ನ್ಯಾಯಪೀಠ ಬಸ್ಸಿನ ವೇಳಾಪಟ್ಟಿಯನ್ನು ಚರ್ಚಿಸುತ್ತ ಕೂರುವುದು ಯಾವ ಮಿತವ್ಯಯ?

ದಾವೆ ಬಾಕಿಯಿರುವ ರಾಜ್ಯದ ಹೈಕೋರ್ಟಿಗೇ, ವೈವಾಹಿಕ ಪ್ರಕರಣಗಳನ್ನು ಹೊರರಾಜ್ಯಕ್ಕೆ ಕಳುಹಿಸುವ ಅಧಿಕಾರವನ್ನು ಸಂಸತ್ತು ಕೊಡಲಿ. ಅರ್ಜಿದಾರಳ ಹಾಜರಿ ಆ ಒಂದು ವಿಚಾರಣೆಗೆ ವಿಡಿಯೊದಲ್ಲೇ ಆಗಲಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಮಿಗೆ ಒಂದು ಉಪಕಲಮು ಸೇರಿಸಿದರೆ ಸಾಕು.