ಮನೆಹೆಸರಿನ ಚೌಕ ಮತ್ತು ಕುರಿಕ್ಯಾಲದ ಬಂಡೆ

ಹೋದ ವರ್ಷ ಮಳೆಗಾಲದ ಒಂದು ರಾತ್ರಿ ಜರ್ಮನಿಯಿಂದ ನನ್ನ ತಂಗಿಯ ಮಗ ಕರೆಮಾಡಿದ. ಅವನಿಗೆ ಮಗಳು ಹುಟ್ಟಿ ಹತ್ತು ದಿನವಾಗಿತ್ತು. ಕುಶಲದ ಮಾತು ಮುಗಿಯುತ್ತಲೇ ಅವನು ಕೇಳಿದ ಪ್ರಶ್ನೆ ನನ್ನನ್ನು ತಬ್ಬಿಬ್ಬುಗೊಳಿಸಿತು: “ಮಾವ, ನಮ್ಮ ಮನೆಹೆಸರು ಏನು?” ಶಾಸನಗಳಲ್ಲಿ ಬರುವ ಹೆಸರುಗಳ ಬಗ್ಗೆ ವರ್ಷಗಟ್ಟಲೆ ಪಾಠ ಹೇಳಿದ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಹಳೆಯ ಮೈಸೂರು ಸೀಮೆಯ ಎಷ್ಟೋ ಕುಟುಂಬಗಳಲ್ಲಿರುವಂತೆ ಅವರ ಮನೆಯಲ್ಲಿಯೂ ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಅನಂತರ ಸ್ವಂತ ಹೆಸರು, ಅಷ್ಟೇ. ಮನೆಹೆಸರೆಂಬುದು ಇಲ್ಲ.

ಆದರೆ ಜನನ ನೋಂದಣಿಯ ಕಚೇರಿಯಲ್ಲಿ ಅವನ ಮುಂದಿದ್ದ ಅರ್ಜಿಯಲ್ಲಿ ಎರಡೇ ಚೌಕಗಳು: ಒಂದು ಸ್ವಂತ ಹೆಸರಿಗೆ, ಇನ್ನೊಂದು ಮನೆಹೆಸರಿಗೆ. ಅವನ ಪಾಸ್‌ಪೋರ್ಟಿನಲ್ಲಿ ಎರಡನೆಯದು ಖಾಲಿ. ಅವನ ಹೆಂಡತಿಯ ಪಾಸ್‌ಪೋರ್ಟಿನಲ್ಲಿ, ಯಾವುದೋ ಕಾಲದಲ್ಲಿ ಯಾರೋ ಏಜೆಂಟರು ಸೂಚಿಸಿದಂತೆ, ಅವಳ ತಂದೆಯ ಹೆಸರೇ ಮನೆಹೆಸರಾಗಿ ಕುಳಿತಿತ್ತು. ಅಧಿಕಾರಿಗೆ ಪರಿಹಾರ ಸುಲಭವಾಗಿ ಕಂಡಿತು. ತಂದೆಗೆ ಮನೆಹೆಸರಿಲ್ಲ, ತಾಯಿಗೆ ಇದೆ. ಮಗುವಿಗೆ ಅದನ್ನೇ ಕೊಡೋಣ ಎಂದರು. ಹಾಗಾಗಿದ್ದರೆ ತಾಯಿಯ ತಂದೆಯ ಸ್ವಂತ ಹೆಸರು ಆ ಮಗುವಿಗೂ, ಮುಂದೆ ಅವಳ ಮಕ್ಕಳಿಗೂ ಕುಲನಾಮವಾಗಿ ನಿಂತುಬಿಡುತ್ತಿತ್ತು. ತಲೆಮಾರಿಗೊಮ್ಮೆ ಬದಲಾಗಬೇಕಾದ ಹೆಸರು ಶಾಶ್ವತವಾಗಿ ಹೆಪ್ಪುಗಟ್ಟುತ್ತಿತ್ತು.

ಇದು ಕೇವಲ ಅಭಿಮಾನದ ಪ್ರಶ್ನೆಯಲ್ಲ. ಹೆಸರು ನಿಶ್ಚಯವಾಗದೆ ಜನನ ಪತ್ರವಿಲ್ಲ. ಜನನ ಪತ್ರವಿಲ್ಲದೆ ಭಾರತೀಯ ದೂತಾವಾಸದಲ್ಲಿ ಮಗುವಿನ ನೋಂದಣಿಯಿಲ್ಲ. 2004ರ ಡಿಸೆಂಬರ್ 3ರ ಅನಂತರ ವಿದೇಶದಲ್ಲಿ ಹುಟ್ಟಿದ ಮಗು ವಂಶಮೂಲದಿಂದ ಭಾರತದ ಪೌರತ್ವ ಪಡೆಯಲು ಸಾಮಾನ್ಯವಾಗಿ ಒಂದು ವರ್ಷದೊಳಗೆ ಈ ನೋಂದಣಿ ಆಗಬೇಕು. ನೋಂದಣಿಯಿಲ್ಲದೆ ಪಾಸ್‌ಪೋರ್ಟಿಲ್ಲ, ಪಾಸ್‌ಪೋರ್ಟಿಲ್ಲದೆ ಪ್ರಯಾಣವಿಲ್ಲ. ಇದರ ಜೊತೆಗೆ ತಂದೆತಾಯಿಯರ ಭಾರತೀಯ ದಾಖಲೆಗಳ ಸತ್ಯಾಸತ್ಯತೆಯ ಪರಿಶೀಲನೆ ಬೇರೆ. ಸರಕಾರಿ ದಾಖಲೆಗಳನ್ನು ಪರಸ್ಪರ ಮಾನ್ಯಮಾಡುವ 1961ರ ಹೇಗ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿದಾಗ ಜರ್ಮನಿ ಆಕ್ಷೇಪವೆತ್ತಿತು. ಹೀಗಾಗಿ ದೆಹಲಿಯ ಅಪಾಸ್ಟಿಲ್ ಮುದ್ರೆ ಅಲ್ಲಿ ಸಾಲದು. ಎಲ್ಲ ಸೇರಿ ನಾಲ್ಕು ತಿಂಗಳು ಹಿಡಿಯಿತು. ಹಾಸಿಗೆ ಹಿಡಿದಿದ್ದ ನನ್ನ ತಾಯಿ ಆ ಮರಿಮಗಳನ್ನು ಮಡಿಲಲ್ಲಿ ಮಲಗಿಸಿಕೊಳ್ಳದೆಯೇ ಮೂರನೆಯ ತಿಂಗಳಲ್ಲಿ ತೀರಿಕೊಂಡರು.

ಆ ದಿನಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾದದ್ದು ತೆಲಂಗಾಣದ ಕರೀಂನಗರ ಪ್ರದೇಶದ ಕುರಿಕ್ಯಾಲದ ಬಂಡೆ. ಹತ್ತನೆಯ ಶತಮಾನದ ಆ ಶಾಸನ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಲ್ಲಿದೆ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳೆಲ್ಲ ಬಲ್ಲರು. ಪಂಪನ ತಮ್ಮ ಜಿನವಲ್ಲಭ ಅಲ್ಲಿ ತನ್ನನ್ನು ಪರಿಚಯಿಸಿಕೊಂಡ ಬಗೆಯನ್ನು ಮಾತ್ರ ಇಲ್ಲಿ ಗಮನಿಸಬೇಕು. ವೆಂಗಿನಾಡಿನ ವಂಗಿಪರ್ರು, ಶ್ರೀವತ್ಸ ಗೋತ್ರ, ಅಜ್ಜ ಅಭಿಮಾನಚಂದ್ರ, ತಂದೆ ಭೀಮಪಯ್ಯ, ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳಾದ ತಾಯಿ ಅಬ್ಬಣಬ್ಬೆ, ಅಣ್ಣ ಪಂಪ: ಇವರೆಲ್ಲರ ನಡುವೆ ನಿಂತು ಅವನು ‘ನಾನು ಇಂಥವನು’ ಎನ್ನುತ್ತಾನೆ. ವೆಂಗಿಯ ಮೂಲ, ಅಣ್ಣಿಗೇರಿಯ ತಾಯಿಬೇರು, ವೇಮುಲವಾಡದ ಆಶ್ರಯ. ಅದೂ ನಾಡು ಬಿಟ್ಟು ನಾಡಿಗೆ ಬಂದ ಕುಟುಂಬವೇ. ಆ ಪರಿಚಯದಲ್ಲಿ ಎಲ್ಲವೂ ಇದೆ, ಇಂದಿನ ಅರ್ಜಿ ಕೇಳುವ ಮನೆಹೆಸರೊಂದನ್ನು ಬಿಟ್ಟು. ರನ್ನನಾದರೋ ತನ್ನ ಮಕ್ಕಳಿಗೆ ತನ್ನನ್ನು ಪೊರೆದ ಚಾವುಂಡರಾಯ ಮತ್ತು ಅತ್ತಿಮಬ್ಬೆಯರ ಹೆಸರನ್ನಿಟ್ಟ. ಹೆಸರು ಅಲ್ಲಿ ಸಂಬಂಧದ ಮತ್ತು ಕೃತಜ್ಞತೆಯ ಗುರುತು.

ನಮ್ಮ ನಾಡಿನಲ್ಲಿಯೂ ಪದ್ಧತಿ ಒಂದೇ ಅಲ್ಲವೆಂಬುದನ್ನು ಮರೆಯಬಾರದು. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರುಗಳಿವೆ; ಅವರಿಗೆ ಎರಡನೆಯ ಚೌಕ ತೊಡಕಾಗದು. ತುಳುನಾಡಿನ ಜೈನರಲ್ಲಿ ಮತ್ತು ಬಂಟರಲ್ಲಿ ಅಳಿಯಸಂತಾನದ ಕಟ್ಟಿನಿಂದಾಗಿ ಬಳಿ ತಾಯಿಯಿಂದ ಬರುತ್ತದೆ. ಅವರಿಗೆ ತಂದೆಯ ಹೆಸರನ್ನು ವಂಶನಾಮವೆನ್ನುವುದೇ ವಿಚಿತ್ರ. ಒಂದೇ ಭಾಷೆಯ, ಒಂದೇ ಮತದ ಜನರಲ್ಲಿ ಇಷ್ಟು ಬಗೆಗಳಿರುವಾಗ ‘ಭಾರತೀಯರ ಹೆಸರು ಹೀಗಿರುತ್ತದೆ’ ಎಂದು ಪರದೇಶದ ಅಧಿಕಾರಿ ಒಂದು ವಾಕ್ಯದಲ್ಲಿ ಬರೆದುಕೊಳ್ಳಲಾರ.

ತೊಂದರೆ ಜರ್ಮನಿಗೆ ಸೀಮಿತವೂ ಅಲ್ಲ. ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ಕೊಡುವಾಗ ಇರುವ ಹೆಸರನ್ನು ಮನೆಹೆಸರಿನ ಜಾಗಕ್ಕೆ ತಳ್ಳಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ‘ಮೊದಲ ಹೆಸರು ತಿಳಿಯದು’ ಎಂದು ಬರೆಯುತ್ತಾರೆ. ತಾಯಿ ತೊಟ್ಟಿಲಲ್ಲಿ ಕೂಗಿದ ಹೆಸರು ಕಣ್ಣೆದುರೇ ಇದ್ದರೂ ಅದು ‘ತಿಳಿಯದು’! 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಒಂದೇ ಹೆಸರಿನ ಪಾಸ್‌ಪೋರ್ಟಿನ ಸಂದರ್ಶಕರಿಗೆ ಪ್ರವೇಶವಿಲ್ಲವೆಂದಿತು; ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕೆಂಬ ಸಡಿಲಿಕೆ ಅನಂತರ ಬಂತು.

ಹಾಗಿದ್ದರೆ ಈ ಚೌಕ ಎಲ್ಲಿಂದ ಬಂತು? ಅದು ಪ್ರಕೃತಿದತ್ತವಲ್ಲ, ಅದಕ್ಕೊಂದು ಇತಿಹಾಸವಿದೆ. ಉತ್ತರ ಸಮುದ್ರದ ತೀರದ ಫ್ರೀಸಿಯನ್ ಜನರಲ್ಲಿಯೂ ತಂದೆಯ ಹೆಸರಿನಿಂದ ಮಗನನ್ನು ಗುರುತಿಸುವ, ತಲೆಮಾರಿಗೊಮ್ಮೆ ಬದಲಾಗುವ ಪದ್ಧತಿಯಿತ್ತು. 1811ರಲ್ಲಿ ನೆಪೋಲಿಯನ್ನನ ಆಡಳಿತ ಪೂರ್ವ ಫ್ರೀಸಿಯಾದಲ್ಲಿಯೂ ಸ್ಥಿರವಾದ ಮನೆಹೆಸರನ್ನು ಕಡ್ಡಾಯಮಾಡಿತು. ಎರಡು ಶತಮಾನಗಳ ಬಳಿಕ, 2025ರ ಮೇ 1ರಿಂದ ಜಾರಿಗೆ ಬಂದ ಜರ್ಮನಿಯ ಹೊಸ ನಾಮಕಾನೂನು ಫ್ರೀಸಿಯನ್ನರಿಗೆ ಆ ಹಳೆಯ ಪದ್ಧತಿಯನ್ನು ಮರಳಿಸಿದೆ. ತಂದೆಯ ಅಥವಾ ತಾಯಿಯ ಸ್ವಂತ ಹೆಸರಿನಿಂದ ಮಗುವಿನ ಹೆಸರನ್ನು ಕಟ್ಟಲು ಈಗ ಅವರಿಗೆ ಅವಕಾಶವುಂಟು. ಕಾನೂನು ಕಟ್ಟಿದ ಚೌಕವನ್ನು ಕಾನೂನೇ ಬಿಚ್ಚಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅದೇ ಕಾನೂನು ನಮ್ಮವರಿಗೂ ಸಂಬಂಧಿಸಿದೆ. ಹಿಂದೆ ವ್ಯಕ್ತಿಯ ಹೆಸರನ್ನು ಅವನ ಪೌರತ್ವದ ದೇಶದ ಕಾನೂನು ನಿರ್ಧರಿಸುತ್ತಿತ್ತು. ಈಗ ಅವನು ವಾಸವಾಗಿರುವ ದೇಶದ್ದು. ಆದರೆ ಪೌರತ್ವದ ದೇಶದ ಕಾನೂನನ್ನೇ ಆರಿಸಿಕೊಳ್ಳುವ ಹಕ್ಕನ್ನೂ ಅದು ಉಳಿಸಿದೆ. ನನ್ನ ಸೋದರಳಿಯ ಆ ಹಕ್ಕನ್ನು ಬಳಸಲು ಹೋದಾಗ ಅಧಿಕಾರಿ ನ್ಯಾಯವಾದ ಪ್ರಶ್ನೆಯನ್ನೇ ಕೇಳಿದರು: ನಿಮ್ಮ ಪದ್ಧತಿ ಇದೆಂದು ಎಲ್ಲಿ ಬರೆದಿದೆ? ತೋರಿಸಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಕೊನೆಗೆ ನಾನೇ ಎರಡು ಪುಟ ಬರೆದೆ, ಅವನು ಅದನ್ನು ಜರ್ಮನ್ ಭಾಷೆಗೆ ಮಾಡಿಸಿದ.

‘ಏನೋ ಒಂದು ಮನೆಹೆಸರು ಹಾಕಿ ಕೆಲಸ ಮುಗಿಸಬಾರದೆ?’ ಎಂದು ಹಲವರು ಕೇಳಿದರು. ಆ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎಳೆಗೂಸನ್ನು ಎತ್ತಿಕೊಂಡು ಕಚೇರಿಗಳಿಗೆ ಅಲೆಯುವವರಿಗೆ ಸಂಸ್ಕೃತಿಯ ಉಪನ್ಯಾಸ ಬೇಕಿಲ್ಲ. ಯಾರಾದರೂ ಹಾಗೆ ಮಾಡಿದರೆ ಅವರನ್ನು ದೂರುವ ಅಧಿಕಾರ ನಮಗಿಲ್ಲ. ಆದರೆ ಅವಸರದಲ್ಲಿ ತುಂಬಿದ ಚೌಕ ಮುಂದಿನ ದಾಖಲೆಗಳಿಗೆಲ್ಲ ಮೂಲವಾಗುತ್ತದೆ. ಅಣ್ಣನಿಗೊಂದು ಮನೆಹೆಸರು, ತಂಗಿಗೆ ಇನ್ನೊಂದು ಎಂದಾದಾಗ ಒಡಹುಟ್ಟಿದವರೆಂದು ಸಾಬೀತುಪಡಿಸಲು ಮತ್ತೆ ಪ್ರಮಾಣಪತ್ರಗಳನ್ನು ಹೊರಬೇಕಾಗುತ್ತದೆ. ಆದುದರಿಂದ ಹೊರನಾಡಿಗೆ ಹೊರಡುವ ದಂಪತಿಗಳು ಪಾಸ್‌ಪೋರ್ಟ್, ವಿವಾಹ ನೋಂದಣಿ, ಅಂಕಪಟ್ಟಿ ಮೂರರಲ್ಲಿಯೂ ಹೆಸರು ಒಂದೇ ಬಗೆಯಾಗಿದೆಯೇ ಎಂದು ಹೊರಡುವ ಮುನ್ನವೇ ನೋಡಿಕೊಳ್ಳುವುದು ಲೇಸು.

ಉಳಿದ ಹೊಣೆ ಕುಟುಂಬದ್ದಲ್ಲ, ನಮ್ಮದು. ಶಾಸನಗಳ ವ್ಯಕ್ತಿನಾಮಗಳನ್ನು ನಾವು ಬೇಕಾದಷ್ಟು ಚರ್ಚಿಸಿದ್ದೇವೆ, ಸಂಶೋಧನ ಪ್ರಬಂಧಗಳನ್ನು ಬರೆದಿದ್ದೇವೆ. ಆದರೆ ಇಂದು ಬಾಳುತ್ತಿರುವ ಕನ್ನಡಿಗನ ಹೆಸರು ಹೇಗೆ ಕಟ್ಟಲ್ಪಟ್ಟಿದೆ ಎಂಬುದನ್ನು ಹೊರಗಿನ ಅಧಿಕಾರಿಯೊಬ್ಬ ಹತ್ತು ನಿಮಿಷದಲ್ಲಿ ಓದಿ ತಿಳಿಯುವಂತೆ ಬರೆದುಕೊಟ್ಟಿದ್ದೇವೆಯೆ? ಸೀಮೆ, ಸಮುದಾಯಗಳ ಭೇದಗಳೊಡನೆ ಅಂಥದೊಂದು ವಿವರಣೆಯನ್ನು ವಿಶ್ವವಿದ್ಯಾಲಯದ ಕನ್ನಡ ವಿಭಾಗವೊಂದು ಸಿದ್ಧಪಡಿಸಿ, ಸರಕಾರ ಅದಕ್ಕೆ ಮುದ್ರೆಯೊತ್ತಿ, ದೂತಾವಾಸಗಳಲ್ಲಿ ದೊರೆಯುವಂತೆ ಮಾಡಿದರೆ ಎಷ್ಟೋ ಮನೆಗಳ ಎಷ್ಟೋ ತಿಂಗಳು ಉಳಿದೀತು. ಸಂಶೋಧನೆಗೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳು ಇದನ್ನು ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಕೋರಿಕೆ.

ಮಗುವಿನ ಪತ್ರ ಕೊನೆಗೂ ಬಂತು. ಎರಡನೆಯ ಚೌಕದಲ್ಲಿ ಅವಳ ತಂದೆಯ ಹೆಸರಿದೆ. ಚೌಕವಂತೂ ಉಳಿಯಿತು, ಆದರೆ ಒಳಗಿರುವುದು ನಮ್ಮ ಪದ್ಧತಿಯೇ. ಮೊದಲ ಚೌಕದಲ್ಲಿರುವುದು ನನ್ನ ತಾಯಿಯ ಹೆಸರು.