ಲಾಂಡ್ರಿ ಉದ್ಯಮ: ರಿಯಾಯಿತಿ ಯಾವಾಗ, ಎಷ್ಟು?

ಬೆಂಗಳೂರಿನ ಪೇಯಿಂಗ್ ಗೆಸ್ಟ್ ವಸತಿಗಳ ಸುತ್ತಮುತ್ತ ಕಿಲೋ ಲೆಕ್ಕದಲ್ಲಿ ಬಟ್ಟೆ ಒಗೆದುಕೊಡುವ ಲಾಂಡ್ರಿಗಳು ಹೆಚ್ಚುತ್ತಿವೆ. ಮಳಿಗೆ ತೆರೆದೊಡನೆ ‘ಶೇ. 50 ರಿಯಾಯಿತಿ’ ಎಂಬ ಫಲಕ ತೂಗುಹಾಕುವ ಮುನ್ನ ಮಾಲೀಕರು ಲೆಕ್ಕ ಹಾಕುವುದು ಒಳಿತು.

ಕಿಲೋಗೆ ದರ 80 ರೂ., ನೀರು, ವಿದ್ಯುತ್, ಸೋಪಿನ ಪುಡಿಯ ವೆಚ್ಚ 30 ರೂ. ಎಂದಿಟ್ಟುಕೊಂಡರೆ ಉಳಿಯುವುದು 50 ರೂ. ದರವನ್ನು ಅರ್ಧಕ್ಕಿಳಿಸಿದರೆ ಉಳಿಕೆ ಕೇವಲ 10 ರೂ. ಮೊದಲಿನಷ್ಟೇ ಹಣ ಕೈಸೇರಲು ಐದು ಪಟ್ಟು ಬಟ್ಟೆ ಬರಬೇಕು. ಭಾನುವಾರ ಹೇಗೂ ಬರುವ ಗ್ರಾಹಕರಿಗೆ ದರ ಇಳಿಸುವುದು ವ್ಯರ್ಥ. ಯಂತ್ರ ತಿರುಗಲಿ, ನಿಲ್ಲಲಿ, ಬಾಡಿಗೆ ಮತ್ತು ಸಾಲದ ಕಂತು ತಪ್ಪುವುದಿಲ್ಲ. ಆದುದರಿಂದ ರಿಯಾಯಿತಿಯನ್ನು ಯಂತ್ರಗಳು ಬಿಡುವಾಗಿರುವ ವಾರದ ನಡುವಿನ ದಿನಗಳಿಗೆ ಮೀಸಲಿಡಬೇಕು, ಶೇ. 20 ಕಡಿತಗೊಳಿಸಿದರೂ ಕಿಲೋಗೆ 34 ರೂ. ಉಳಿಯುತ್ತದೆ.

ಕರಪತ್ರಗಳನ್ನು ಊರಿಗೆಲ್ಲ ಹಂಚಬೇಕಾಗಿಲ್ಲ. ನಡೆದು ಬರುವಷ್ಟು ದೂರದ ಮನೆಗಳಿಗೆ, ವಸತಿಗಳಿಗೆ ತಲುಪಿದರೆ ಸಾಕು. ‘ಉಚಿತ’ ಎಂದು ಸಾರಿ ಷರತ್ತು ಮರೆಮಾಚುವುದು ಅಪಾಯಕರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂ.ವರೆಗೆ ದಂಡ ವಿಧಿಸಲು ಅವಕಾಶವಿದೆ.

‘ಹೇಳಿದ ವೇಳೆಗೆ ಬಟ್ಟೆ ಕೊಡದಿದ್ದರೆ ಹಣ ಬೇಡ’ ಎಂಬ ಫಲಕವನ್ನು ಹಾಕಿ ನೋಡಬಹುದು. ಮಾತಿಗೆ ತಪ್ಪದ ಮಾಲೀಕನಿಗೆ ಈ ಪ್ರಚಾರದಿಂದ ಬಿಡಿಗಾಸಿನ ಹೊರೆಯೂ ಇಲ್ಲ.