ಒಂದು ನಗೆಗೆ ಹತ್ತು ಮುಕ್ಕಾಲು ವರ್ಷ

2012 ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತದೆ? ಹೆಚ್ಚಿನವರು 'ಪ್ರಳಯ' ಅನ್ನುತ್ತಾರೆ. ಮಾಯನ್ನರ ಕ್ಯಾಲೆಂಡರ್ ಡಿಸೆಂಬರ್ 21ಕ್ಕೆ ಮುಗಿಯುತ್ತದೆ, ಅವತ್ತಿಗೆ ಲೋಕದ ಕಥೆಯೂ ಮುಗಿಯಿತು ಅಂತ ಟೀವಿಯವರು ವರ್ಷವಿಡೀ ಕೊರೆದಿದ್ದರಲ್ಲ! 22ನೇ ತಾರೀಕು ಎಂದಿನಂತೆ ಬೆಳಗಾಯಿತು, ಹಾಲಿನವನು ಬಂದ, ಪೇಪರಿನವನು ಬಂದ. ಪ್ರಳಯದ ಕಥೆ ಅಷ್ಟಕ್ಕೇ ಮುಗಿಯಿತು.

ಆದರೆ ಕೋಲ್ಕತ್ತದಲ್ಲಿದ್ದ ನಮಗೆ ಆ ವರ್ಷ ಬೇರೆ ಮೂರು ಸೋಜಿಗಗಳು ಕಂಡವು. ಒಂದು ನೆಲದಡಿಯದು, ಒಂದು ಆಕಾಶದ್ದು, ಇನ್ನೊಂದು ಕಂಪ್ಯೂಟರಿನ ಪರದೆಯ ಮೇಲಿನದು. ಮೊದಲೆರಡು ಭಾರೀ ದೊಡ್ಡವು. ಕೆಲವು ನಿಮಿಷ, ಕೆಲವು ಗಂಟೆಗಳಲ್ಲಿ ಮುಗಿದುಹೋದವು. ಮೂರನೆಯದು ಅಂಗೈಯಗಲದ ಒಂದು ತಮಾಷೆ ಚಿತ್ರ. ಅದರ ಲೆಕ್ಕ ಚುಕ್ತಾ ಆಗಲು 2023 ಬರಬೇಕಾಯಿತು. ವಿಚಿತ್ರ ಅಲ್ವೇ?

ಮೊದಲು ನೆಲದ ವಿಷಯ. ಏಪ್ರಿಲ್ 11, ಬುಧವಾರ. ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಸುಮಾತ್ರಾದ ಪಶ್ಚಿಮಕ್ಕೆ ಸಮುದ್ರದಡಿ 8.6 ತೀವ್ರತೆಯ ಭೂಕಂಪ, ಎರಡು ಗಂಟೆ ಬಿಟ್ಟು 8.2ರ ಇನ್ನೊಂದು. ಕೋಲ್ಕತ್ತ, ಚೆನ್ನೈ, ಬೆಂಗಳೂರು ಎಲ್ಲ ಕಡೆ ಜನ ಕಟ್ಟಡಗಳಿಂದ ಇಳಿದು ರಸ್ತೆಗೆ ಬಂದರು. ಇಲ್ಲಿ ಮೆಟ್ರೋ ಕೂಡ ಸ್ವಲ್ಪ ಹೊತ್ತು ನಿಂತಿತು. ಕೋಲ್ಕತ್ತ ನಿಂತಿರುವುದೇ ಗಂಗೆ ತಂದು ಸುರಿದ ಮೆಕ್ಕಲು ಮಣ್ಣಿನ ಮೇಲೆ. ಎಷ್ಟೋ ದೂರದ ಕಂಪನಕ್ಕೂ ಈ ಮೆತ್ತನೆ ನೆಲ ತೊಟ್ಟಿಲಿನ ಹಾಗೆ ತೂಗುತ್ತದೆ. 2004ರ ಸುನಾಮಿಯ ನೆನಪು ಎಲ್ಲರಿಗೂ ಹಸಿಯಾಗಿತ್ತು. ಆದರೆ ಈ ಸಲ ಅಂಥ ಅಲೆ ಏಳಲಿಲ್ಲ. ಕಾರಣ ಇಷ್ಟೇ: 2004ರಲ್ಲಿ ಸಮುದ್ರದ ತಳ ಮೇಲಕ್ಕೆದ್ದು ನೀರನ್ನು ಎತ್ತಿಹಾಕಿತ್ತು. 2012ರಲ್ಲಿ ಬಂಡೆಗಳು ಒಂದಕ್ಕೊಂದು ಉಜ್ಜಿಕೊಂಡು ಅಡ್ಡಡ್ಡ ಸರಿದವು. ಹೀಗೆ ಅಡ್ಡ ಸರಿಯುವ ಜಾತಿಯ ಭೂಕಂಪಗಳಲ್ಲಿ ಉಪಕರಣಗಳು ದಾಖಲಿಸಿದ ಅತಿ ದೊಡ್ಡದು ಅದೇ. ನಮ್ಮ ಇಂಡೋ-ಆಸ್ಟ್ರೇಲಿಯನ್ ಫಲಕ ನಿಧಾನವಾಗಿ ಎರಡು ಹೋಳಾಗುತ್ತಿರುವುದಕ್ಕೆ ಇದು ಸಾಕ್ಷಿ ಅಂತ ಅದೇ ವರ್ಷ ವಿಜ್ಞಾನಿಗಳು ಬರೆದರು. ಕಾಲ ಕೆಳಗಿನ ಭೂಮಿಯೇ ಸೀಳುತ್ತಿದೆ! ಆದರೂ ಸಂಜೆ ಹೊತ್ತಿಗೆ ಎಲ್ಲರೂ ಮಾಮೂಲಿನಂತೆ ಭಾಂಡದಲ್ಲಿ ಚಹಾ ಕುಡಿಯುತ್ತಿದ್ದರು.

ಮರುದಿನ, ಅಂದರೆ ಏಪ್ರಿಲ್ 12ರ ರಾತ್ರಿ, ಜಾದವಪುರ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ ಅವರನ್ನು ಪೊಲೀಸರು ಹಿಡಿದರು. ಅದಕ್ಕೂ ಮೊದಲು ಒಂದು ಗುಂಪು ಅವರ ಮೇಲೆ ಕೈ ಮಾಡಿತ್ತು. ಅವರ ಹೌಸಿಂಗ್ ಸೊಸೈಟಿಯ ಎಪ್ಪತ್ತು ದಾಟಿದ ಸುಬ್ರತ ಸೇನ್‌ಗುಪ್ತ ಅವರನ್ನೂ ಹಿಡಿದರು. ಅಪರಾಧ ಏನು? ಒಂದು ಇಮೇಲನ್ನು ಸೊಸೈಟಿಯ ಸದಸ್ಯರಿಗೆ ಫಾರ್ವರ್ಡ್ ಮಾಡಿದ್ದು.

ಆ ಚಿತ್ರ ಅರ್ಥವಾಗಬೇಕಾದರೆ ಸ್ವಲ್ಪ ಹಿನ್ನೆಲೆ ಬೇಕು. 2012ರ ಮಾರ್ಚ್‌ನಲ್ಲಿ ರೈಲ್ವೆ ಮಂತ್ರಿ ದಿನೇಶ್ ತ್ರಿವೇದಿ ತಮ್ಮ ಬಜೆಟ್‌ನಲ್ಲಿ ಟಿಕೆಟ್ ದರ ಏರಿಸಿದರು, ಕಿಲೋಮೀಟರಿಗೆ 2 ಪೈಸೆಯಿಂದ 30 ಪೈಸೆವರೆಗೆ. (ಹೌರಾದಿಂದ ಯಶವಂತಪುರಕ್ಕೆ ಓಡಾಡುವ ನಮ್ಮಂಥವರು ಆಗಲೇ ಲೆಕ್ಕ ಹಾಕಿದ್ದೆವು ಬಿಡಿ!) ಅವರದೇ ಪಕ್ಷದ ನಾಯಕಿ, ಆಗಿನ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಸಿಟ್ಟಾದರು. ತ್ರಿವೇದಿ ಇಳಿದರು, ಮುಕುಲ್ ರಾಯ್ ಏರಿದರು. ಈಗ ಬಂಗಾಳಿಗಳಿಗೆ 'ಮುಕುಲ್' ಅಂದ ಕೂಡಲೇ ನೆನಪಾಗುವುದು ಸತ್ಯಜಿತ್ ರಾಯ್ ಅವರ 1974ರ 'ಸೋನಾರ್ ಕೆಲ್ಲಾ' ಸಿನಿಮಾದ ಪುಟ್ಟ ಹುಡುಗ. ಹಿಂದಿನ ಜನ್ಮದಲ್ಲಿ ಕಂಡ ಚಿನ್ನದ ಕೋಟೆಯನ್ನು ಹುಡುಕುವವನು. ಆ ಹುಡುಗನ ಮಾತುಗಳನ್ನು ಯಾರೋ ರಾಜಕಾರಣಿಗಳ ಫೋಟೋಗಳಿಗೆ ಅಂಟಿಸಿದ್ದರು. ಚಿನ್ನದ ಕೋಟೆಯ ಜಾಗದಲ್ಲಿ ರೈಲ್ವೆ ಲಾಂಛನ, ಕೆಟ್ಟ ಮನುಷ್ಯನ ಜಾಗದಲ್ಲಿ ತ್ರಿವೇದಿ. ಕೆಟ್ಟ ಮನುಷ್ಯ 'ವ್ಯಾನಿಷ್'! ಅಷ್ಟೇ. ಮೂರು ಫೋಟೋ, ನಾಲ್ಕು ಮಾತು. ಫೋಟೋಶಾಪ್ ಕಲಿತ ಹುಡುಗ ಅರ್ಧ ಗಂಟೆಯಲ್ಲಿ ಮಾಡಬಹುದಾದ ಕೆಲಸ.

ಆ 'ವ್ಯಾನಿಷ್' ಅನ್ನುವ ಪದಕ್ಕೆ ಕೊಲೆಯ ಅರ್ಥ ಕಟ್ಟಿದರು. ಮಾನಹಾನಿ, ಮಹಿಳೆಯ ಮರ್ಯಾದೆಗೆ ಧಕ್ಕೆ, ಮೇಲೆ ಐಟಿ ಕಾಯ್ದೆಯ 66ಎ ಸೆಕ್ಷನ್. ಮರುದಿನ ಜಾಮೀನು ಸಿಕ್ಕಿತು. ಆದರೆ ಕೇಸು ಉಳಿಯಿತು.

ಇನ್ನು ಆಕಾಶದ ಸೋಜಿಗ. ಜೂನ್ 6ರಂದು ಶುಕ್ರ ಸೂರ್ಯನ ಮುಂದೆ ಹಾದುಹೋದ. ನಮ್ಮ ಕಡೆ ಸೂರ್ಯ ಹುಟ್ಟುವಾಗಲೇ ಮೈಮೇಲೆ ಕರೀ ಬೊಟ್ಟು ಇಟ್ಟುಕೊಂಡೇ ಬಂದ. ಹತ್ತು ಗಂಟೆ ದಾಟುವ ಹೊತ್ತಿಗೆ ಬೊಟ್ಟು ಅಳಿಸಿತ್ತು. ಮತ್ತೆ ಇದು ನಡೆಯುವುದು 2117ರ ಡಿಸೆಂಬರಿನಲ್ಲಿ. ನಾವ್ಯಾರೂ ಇರುವುದಿಲ್ಲ. ಈ ಊರಿಗೂ ಶುಕ್ರನಿಗೂ ಹಳೇ ನಂಟಿದೆ. 1874ರ ಡಿಸೆಂಬರಿನಲ್ಲಿ ಇದೇ ಸಂಕ್ರಮಣ ನೋಡಲು ಇಟಲಿಯ ತಂಡ ಬಂಗಾಳಕ್ಕೆ ಬಂದಿತ್ತು. ಅವರ ಜೊತೆ ನಿಂತವರು ಇಲ್ಲಿನ ಸೇಂಟ್ ಝೇವಿಯರ್ಸ್ ಕಾಲೇಜಿನ ಫಾದರ್ ಲಫೋಂ. ಮರುವರ್ಷವೇ ಅವರು ಕಾಲೇಜಿನಲ್ಲಿ ಒಂದು ವೀಕ್ಷಣಾಲಯ ಕಟ್ಟಿಸಿದರು. ಮದ್ರಾಸಿನ ವೀಕ್ಷಣಾಲಯದಲ್ಲಿದ್ದ ಚಿಂತಾಮಣಿ ರಘುನಾಥಾಚಾರ್ಯರು ಅದೇ 1874ರ ಸಂಕ್ರಮಣದ ಬಗ್ಗೆ ಜನಸಾಮಾನ್ಯರಿಗೆ ತಿಳಿಯುವ ಹಾಗೆ ಒಂದು ಪುಸ್ತಿಕೆ ಬರೆದರು. ಅದು ಕನ್ನಡದಲ್ಲೂ ಬಂದಿತ್ತು ಅನ್ನುವುದು ನಮಗೆ ಹೆಮ್ಮೆಯ ವಿಷಯ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನೂರೈದು ವರ್ಷ ಆಚೆ ಶುಕ್ರ ಎಷ್ಟು ಹೊತ್ತಿಗೆ ಸೂರ್ಯನ ಅಂಚು ಮುಟ್ಟುತ್ತಾನೆ ಅಂತ ಇವತ್ತೇ ಲೆಕ್ಕ ಹಾಕಿ ಹೇಳಬಹುದು. ಆದರೆ ಒಂದು ಇಮೇಲ್ ಕಳಿಸಿದ ಮೇಷ್ಟ್ರ ಕೇಸು ಎಂದು ಮುಗಿಯುತ್ತದೆ ಅಂತ 2012ರಲ್ಲಿ ಯಾವ ಪಂಡಿತನೂ ಹೇಳಲಾರದಾಗಿದ್ದ.

ನಾನು ಬಿಕಾಂ ಓದಿ ಬ್ಯಾಂಕು ಸೇರಿದವನು, ತಾರೀಕುಗಳನ್ನು ಸಾಲಾಗಿ ಬರೆದು ನೋಡುವುದು ಅಭ್ಯಾಸ. ನೀವೂ ನೋಡಿ. 2012ರ ಆಗಸ್ಟ್: ಇಬ್ಬರಿಗೂ ತಲಾ 50 ಸಾವಿರ ಪರಿಹಾರ ಕೊಡಿ ಅಂತ ರಾಜ್ಯ ಮಾನವ ಹಕ್ಕುಗಳ ಆಯೋಗದ ಶಿಫಾರಸು. 2015ರ ಮಾರ್ಚ್: ಅದನ್ನು ಕೊಡಿ ಅಂತ ಕಲ್ಕತ್ತಾ ಹೈಕೋರ್ಟ್. ಅದೇ ತಿಂಗಳ 24: ಶ್ರೇಯಾ ಸಿಂಘಲ್ ಕೇಸಿನಲ್ಲಿ ಸುಪ್ರೀಂ ಕೋರ್ಟು 66ಎ ಸೆಕ್ಷನ್ನನ್ನೇ ರದ್ದು ಮಾಡಿತು. ಅಲ್ಲಿಗೆ ಮುಗಿಯಬೇಕಿತ್ತು ತಾನೆ? ಇಲ್ಲ. ಸೆಕ್ಷನ್ ಸತ್ತರೂ ಕೇಸು ಬದುಕಿತ್ತು. ಸೇನ್‌ಗುಪ್ತ ಅವರು ತೀರ್ಪು ನೋಡದೆಯೇ ತೀರಿಕೊಂಡರು. ಮಹಾಪಾತ್ರ ಅವರಿಗೆ ಬಿಡುಗಡೆ ಸಿಕ್ಕಿದ್ದು 2023ರ ಜನವರಿಯಲ್ಲಿ, ಅಲಿಪುರದ ಕೋರ್ಟಿನಿಂದ. ಹತ್ತು ಮುಕ್ಕಾಲು ವರ್ಷ!

ಈ ನಡುವೆ ಆ ಚಿತ್ರದೊಳಗಿದ್ದವರ ಕಥೆ ಏನಾಯಿತು ಗೊತ್ತೇ? ಮುಕುಲ್ ರಾಯ್ 2017ರಲ್ಲಿ ಬಿಜೆಪಿಗೆ ಹೋಗಿ 2021ರಲ್ಲಿ ತಿರುಗಿ ಬಂದರು. ದಿನೇಶ್ ತ್ರಿವೇದಿ 2021ರಲ್ಲಿ ಬಿಜೆಪಿ ಸೇರಿದರು. ಚಿತ್ರದಲ್ಲಿದ್ದವರು ಪಕ್ಷವನ್ನೇ ಬದಲಿಸಿದರೂ ಫಾರ್ವರ್ಡ್ ಮಾಡಿದವರು ಅದೇ ಆರೋಪಿಯ ಜಾಗದಲ್ಲೇ ನಿಂತಿದ್ದರು. ಇದಕ್ಕಿಂತ ದೊಡ್ಡ ವ್ಯಂಗ್ಯಚಿತ್ರವನ್ನು ಯಾರು ಬರೆಯಲು ಸಾಧ್ಯ?

ಇನ್ನೂ ಬೇಸರದ ವಿಷಯ ಅಂದರೆ ಇದು ನಡೆದದ್ದು ನಗುವುದನ್ನು ದೇಶಕ್ಕೇ ಕಲಿಸಿದ ಊರಿನಲ್ಲಿ. ಕಾಳೀಘಾಟ್ ಗುಡಿಯ ಸುತ್ತ ಪಟುವಾಗಳು ಅಗ್ಗದ ಕಾಗದದ ಮೇಲೆ ದೇವರ ಪಟಗಳ ಜೊತೆಗೇ ಎಣ್ಣೆ ಬಾಚಿದ ತಲೆಯ, ಹೆಂಡತಿಗೆ ಹೆದರುವ ಬಾಬುಗಳನ್ನೂ ಬರೆದು ಮಾರುತ್ತಿದ್ದರು. 1873ರ ತಾರಕೇಶ್ವರದ ಮಹಂತನ ಹಗರಣ ಆ ಪಟಗಳಲ್ಲಿ ಬಂದು ಯಾತ್ರಿಕರ ಗಂಟಿನಲ್ಲಿ ಹಳ್ಳಿಹಳ್ಳಿಗೆ ಹೋಯಿತು. ಅದು ಆ ಕಾಲದ ಫಾರ್ವರ್ಡ್ ಅಲ್ಲದೆ ಮತ್ತೇನು? ಆಮೇಲೆ ಗಗನೇಂದ್ರನಾಥ ಟಾಗೋರರು 1917ರಿಂದ ಕಲ್ಲಚ್ಚಿನಲ್ಲಿ ವ್ಯಂಗ್ಯಚಿತ್ರಗಳ ಪುಸ್ತಕಗಳನ್ನೇ ತಂದರು. ಬಾಬುಗಳು, ಪುರೋಹಿತರು, ಬ್ರಿಟಿಷರ ನಕಲು ಮಾಡುವವರು, ಯಾರನ್ನೂ ಬಿಡಲಿಲ್ಲ. ನಮ್ಮಲ್ಲೂ ಅಷ್ಟೇ. 1942ರಲ್ಲಿ ಡಾಕ್ಟರ್ ಎಂ. ಶಿವರಾಂ, ನಮ್ಮ ರಾಶಿ, 'ಕೊರವಂಜಿ' ಶುರು ಮಾಡಿದರು. ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದು ಕೈ ಪಳಗಿಸಿಕೊಂಡ ಪತ್ರಿಕೆಗಳಲ್ಲಿ ಅದೂ ಒಂದು.

ಇದನ್ನು ಓದಿ 'ಓಹೋ, ಇವರು ಇಂಥ ಪಕ್ಷದ ವಿರೋಧಿ' ಅಂತ ತೀರ್ಮಾನಿಸಬೇಡಿ. ಈ ಕಾಯಿಲೆ ಯಾವ ಪಕ್ಷವನ್ನೂ ಬಿಟ್ಟಿಲ್ಲ. ಅದೇ 2012ರ ಸೆಪ್ಟೆಂಬರಿನಲ್ಲಿ, ಮಹಾರಾಷ್ಟ್ರದಲ್ಲಿ ಕಾಂಗ್ರೆಸ್ ಮೈತ್ರಿಕೂಟ ಆಳುತ್ತಿದ್ದಾಗ, ಅಸೀಮ್ ತ್ರಿವೇದಿ ಅವರನ್ನು ವ್ಯಂಗ್ಯಚಿತ್ರಗಳಿಗಾಗಿ ರಾಜದ್ರೋಹದ ಆರೋಪದ ಮೇಲೆ ಮುಂಬಯಿಯಲ್ಲಿ ಒಳಗೆ ಹಾಕಿದರು. ನವೆಂಬರಿನಲ್ಲಿ ಬಾಳ ಠಾಕ್ರೆ ತೀರಿಕೊಂಡಾಗ ಮುಂಬಯಿ ಬಂದ್ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆದ ಹುಡುಗಿಯನ್ನೂ ಅದಕ್ಕೆ ಲೈಕ್ ಒತ್ತಿದ ಇನ್ನೊಬ್ಬಳನ್ನೂ ಪಾಲ್ಘರ್‌ನಲ್ಲಿ ಹಿಡಿದರು. ನಮ್ಮ ಬೆಂಗಳೂರಿಗೆ ಬನ್ನಿ. 2022ರ ಸೆಪ್ಟೆಂಬರಿನಲ್ಲಿ ಆಗಿನ ಬಿಜೆಪಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಮುಖವನ್ನು ಕ್ಯೂಆರ್ ಕೋಡ್ ನಡುವೆ ಇಟ್ಟು ಕಾಂಗ್ರೆಸ್ಸಿನವರು 'ಪೇಸಿಎಂ' ಪೋಸ್ಟರ್ ಅಂಟಿಸಿದರು. ಸ್ಕ್ಯಾನ್ ಮಾಡಿದರೆ 40 ಪರ್ಸೆಂಟ್ ಕಮಿಷನ್ ಆರೋಪದ ವೆಬ್‌ಸೈಟ್ ತೆರೆಯುತ್ತಿತ್ತು. ದಿನವೂ ಕ್ಯೂಆರ್ ಕೋಡ್‌ಗಳ ನಡುವೆಯೇ ಬದುಕುವ ನನಗೆ ಆ ಕಲ್ಪನೆ ಭಲೇ ಅನ್ನಿಸಿತು. ಪೊಲೀಸರಿಗೆ ಹಾಗನ್ನಿಸಲಿಲ್ಲ, ಕೇಸು, ಬಂಧನ ಎಲ್ಲ ಆಯಿತು. 2024ರ ಮೇ ತಿಂಗಳಲ್ಲಿ ಎಐನಿಂದ ಮಾಡಿದ, ನಾಯಕರು ಕುಣಿಯುವ ವಿಡಿಯೋಗಳು ಓಡಾಡಿದವು. ಮಮತಾ ಅವರ ವಿಡಿಯೋ ಹಾಕಿದವರಿಗೆ ಹೆಸರು ವಿಳಾಸ ಕೊಡಿ ಅಂತ ಕೋಲ್ಕತ್ತ ಪೊಲೀಸರು ತಾಕೀತು ಮಾಡಿದರು. ಪ್ರಧಾನಿ ಮೋದಿಯವರು ತಮ್ಮ ಕುಣಿತ ನೋಡಿ ಖುಷಿಯಾಯಿತು ಅಂದರು. ಸಂತೋಷ. ಆದರೆ 2025ರ ಫೆಬ್ರವರಿಯಲ್ಲಿ ಮೋದಿಯವರಿಗೆ ಕೈಕೋಳ ತೊಡಿಸಿದ ವ್ಯಂಗ್ಯಚಿತ್ರ ಪ್ರಕಟಿಸಿದ ತಮಿಳಿನ ವಿಕಟನ್ ವೆಬ್‌ಸೈಟನ್ನೇ ತಡೆಹಿಡಿಯಲಾಯಿತು. ಎಲ್ಲರೂ ಪಕ್ಕದ ಮನೆಯವರ ಜೋಕಿಗೆ ನಗುವವರೇ!

'ಹಾಗಾದರೆ ಯಾರು ಏನು ಬೇಕಾದರೂ ಮಾಡಬಹುದಾ? ಎಐ ಇಟ್ಟುಕೊಂಡು ಆಡದ ಮಾತನ್ನು ಬಾಯಿಗೆ ತುರುಕಿದರೆ?' ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕ್ಯಾಶ್ ಕೌಂಟರಿನ ಭಾಷೆಯಲ್ಲಿ ಉತ್ತರ ಕೊಡುತ್ತೇನೆ. ಖೋಟಾ ನೋಟು ಕೈಗೆ ಬಂದರೆ ನಾವು ವಾಪಸ್ ಕೊಡುವುದಿಲ್ಲ, ಸೀಲು ಹಾಕಿ ಇಟ್ಟುಕೊಳ್ಳುತ್ತೇವೆ. ಯಾಕೆಂದರೆ ಅದು ಅಸಲಿ ಅಂತ ನಂಬಿಸಲಿಕ್ಕೇ ಹುಟ್ಟಿದ್ದು. ಜಾತ್ರೆಯಲ್ಲಿ ಮಕ್ಕಳಾಟದ ನೋಟು ಮಾರುತ್ತಾರಲ್ಲ, ಅದನ್ನು ಕಂಡರೆ ನಗುತ್ತೇವೆ. ಆಟದ್ದು ಅಂತ ಅದರ ಮುಖದ ಮೇಲೇ ಬರೆದಿರುತ್ತದೆ. ನಕಲಿ ಭಾಷಣ, ನಕಲಿ ದಂಗೆಯ ವಿಡಿಯೋ ಖೋಟಾ ನೋಟಿನ ಜಾತಿ. ಅದನ್ನು ಹಿಡಿಯಿರಿ, ನಾನೇ ಸಾಕ್ಷಿ ಹೇಳುತ್ತೇನೆ. ಸೋನಾರ್ ಕೆಲ್ಲಾದ ಮುಕುಲ್ ಆಟದ ನೋಟು. ಅದನ್ನು ನೋಡಿ ಯಾವ ಬಂಗಾಳಿಯೂ ಇದು ನಿಜವಾಗಿ ನಡೆದದ್ದು ಅಂತ ನಂಬಲಾರ. ನಂಬಿಸುವ ಉದ್ದೇಶವಿದೆಯೋ, ಗುರುತಿಸಿ ನಗುವ ಉದ್ದೇಶವಿದೆಯೋ ಅನ್ನುವುದೇ ಅಳತೆಗೋಲು. ಈ ಅಳತೆಯನ್ನು ಠಾಣೆಗೆ ಹೋಗುವ ಮೊದಲು ಒಬ್ಬ ಮ್ಯಾಜಿಸ್ಟ್ರೇಟ್ ಹಿಡಿದು ನೋಡಲಿ. ರಾತ್ರಿ ಮನೆಯಿಂದ ಎತ್ತಿಕೊಂಡು ಹೋದ ಮೇಲೆ ಅಲ್ಲ.

ಯಾಕೆಂದರೆ ಇಂಥ ಕೇಸುಗಳಲ್ಲಿ ಕೊನೆಗೆ ಶಿಕ್ಷೆ ಆಗುವುದು ಅಪರೂಪ. ಅಲೆದಾಟವೇ ಶಿಕ್ಷೆ. ವಕೀಲರ ಫೀಸು, ರಜೆ, ನಿದ್ದೆ, ಹೆಂಡತಿ ಮಕ್ಕಳ ಆತಂಕ... ಯಾವ ಲೆಡ್ಜರಿನಲ್ಲೂ ಇದರ ಲೆಕ್ಕ ಬರುವುದಿಲ್ಲ. 66ಎ ಹೋಯಿತು, ಐಪಿಸಿ ಹೋಗಿ 2024ರ ಜುಲೈ 1ರಿಂದ ನ್ಯಾಯ ಸಂಹಿತೆ ಬಂತು. ಮಾನಹಾನಿ ಈಗಲೂ ಜೈಲಿಗೆ ಹಾಕಬಹುದಾದ ಅಪರಾಧವೇ. ಸೆಕ್ಷನ್ನಿನ ನಂಬರು ಬದಲಾದ ಮಾತ್ರಕ್ಕೆ ಅಲೆದಾಟ ತಪ್ಪುವುದಿಲ್ಲ.

ಹೊರನಾಡಿನಲ್ಲಿರುವ ನಮಗೆ ಇದು ಇನ್ನೂ ಹತ್ತಿರದ ಮಾತು. ಇಲ್ಲಿ ನಮ್ಮನ್ನು 'ಅಬಾಂಗಾಲಿ' ಅನ್ನುತ್ತಾರೆ, ದ್ವೇಷದಿಂದಲ್ಲ, ಅಭ್ಯಾಸಬಲದಿಂದ. ಆದರೂ ಆ ಒಂದು ಪದ ಸಾಕು, ನಾವು ನಾಲಿಗೆಯನ್ನು ಹಿಡಿತದಲ್ಲಿ ಇಟ್ಟುಕೊಳ್ಳಲು. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ರಾಜಕೀಯದ ಜೋಕು ಹಾಕಿದರೆ ಕೆಳಗೇ 'ಓದಿ ಅಳಿಸಿಬಿಡಿ' ಅಂತ ಇನ್ನೊಬ್ಬರು ಬರೆಯುತ್ತಾರೆ. 'ನಾವು ಹೊರಗಿನವರು, ನಮಗ್ಯಾಕೆ ಬೇಕು ಸಾರ್' ಅನ್ನುವ ಮಾತು ಬಂದೇ ಬರುತ್ತದೆ. ಸ್ವಾಮೀ, ಇಲ್ಲಿ ತೆರಿಗೆ ಕಟ್ಟುತ್ತೇವೆ, ಇಲ್ಲಿ ವೋಟು ಹಾಕುತ್ತೇವೆ, ಮಕ್ಕಳು ಇಲ್ಲಿನ ಭಾಷೆಯಲ್ಲೇ ಜಗಳ ಆಡುತ್ತಾರೆ. ನಗುವುದಕ್ಕೆ ಮಾತ್ರ ನಾವು ಹೊರಗಿನವರೇ? ಒಬ್ಬ ಮೇಷ್ಟ್ರನ್ನು ಹಿಡಿದದ್ದರ ಫಲ ಇದು. ಕಾಯ್ದೆ ರದ್ದಾಗಿ ಇಷ್ಟು ವರ್ಷವಾದರೂ ನಮ್ಮ ಬೆರಳು ಫಾರ್ವರ್ಡ್ ಬಟನ್ನಿನ ಮೇಲೆ ಒಂದು ಕ್ಷಣ ತಡವರಿಸುತ್ತದೆ.

ನನ್ನ ಅಭಿಪ್ರಾಯ ಇಷ್ಟೇ. ಹೊಲಸು ಬೈಗುಳವನ್ನೂ ಸುಳ್ಳನ್ನೂ ನಾನಂತೂ ಮುಂದಕ್ಕೆ ಕಳಿಸುವುದಿಲ್ಲ, ನೀವೂ ಕಳಿಸಬೇಡಿ. ಆದರೆ ಒಳ್ಳೆಯ ಜೋಕು ಬಂದರೆ, ಅದು ನಿಮ್ಮ ಪಕ್ಷದ ಮೇಲೇ ಇದ್ದರೂ, ಮೊದಲು ನಕ್ಕುಬಿಡಿ. ಮತ್ತೆ ನಿಮ್ಮ ಪಕ್ಷದವರು ಯಾರಿಗಾದರೂ ನಕ್ಕಿದ್ದಕ್ಕೆ ಕೇಸು ಹಾಕಿದಾಗ 'ಇದು ಸರಿಯಲ್ಲ' ಅಂತ ಒಂದು ಮಾತು ಹೇಳಿ. ಎದುರು ಪಕ್ಷದವರು ಹಾಕಿದಾಗ ಹೇಳುವುದು ಎಲ್ಲರಿಗೂ ಬರುತ್ತದೆ.

ಮುಂಬಯಿ, ದೆಹಲಿ, ಚೆನ್ನೈಯಲ್ಲಿರುವ ಗೆಳೆಯರೇ, ನಿಮ್ಮ ಊರಿನಲ್ಲಿ ಹೇಗೆ? ಅಲ್ಲಿನ ದೊರೆಗಳನ್ನು ನೋಡಿ ನೀವು ಬಾಯಿಬಿಟ್ಟು ನಗುತ್ತೀರೋ, ಓದಿ ಅಳಿಸುತ್ತೀರೋ?